ಎರಡು ಕಡಲಿನ ನೀರು, ಒಂದೇ ತಾಲ್ಲೂಕು

ಚನ್ನರಾಯಪಟ್ಟಣ ತಾಲ್ಲೂಕಿಗೆ ನೀರು ಎರಡು ದಾರಿಯಲ್ಲಿ ಬರುತ್ತದೆ. ಒಂದು ನಾಲೆ. ಮೂಡಿಗೆರೆ, ಸಕಲೇಶಪುರದ ಕಡೆ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಜಡಿ ಹಿಡಿದು ಸುರಿದಾಗ ಹೇಮಾವತಿ ಉಕ್ಕಿ ಗೊರೂರಿನ ಅಣೆಕಟ್ಟೆ ತುಂಬುತ್ತದೆ. ಅಲ್ಲಿ ನಿಂತ ನೀರು ಎಡದಂಡೆ ನಾಲೆ ಹಿಡಿದು ಮೂಡಲಿಗೆ ಹರಿಯುತ್ತದೆ. ಇನ್ನೊಂದು ದಾರಿ ಆಕಾಶ. ಅದೇ ಜುಲೈ ತಿಂಗಳಲ್ಲಿ ಹಿರೀಸಾವೆ, ನುಗ್ಗೇಹಳ್ಳಿ ಕಡೆಯ ಹೊಲಗಳ ಮೇಲೆ ಬೀಳುವುದು ಬರೀ ತುಂತುರು. ಇಲ್ಲಿನ ಕೆರೆಕಟ್ಟೆಗೆ ನೀರು ತರುವ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತೆ, ಚಿತ್ತೆಯ ಹೊತ್ತಿಗೆ, ಸಂಜೆಯ ಗುಡುಗಿನೊಡನೆ. ನಾಲೆಯ ಬದಿಯ ತೆಂಗಿನ ತೋಟದ ಬೋರ್‌ವೆಲ್‌ನಲ್ಲಿ ಈ ಎರಡೂ ನೀರು ಬೆರೆತಿರುತ್ತವೆ. ಬಣ್ಣದಲ್ಲಿ, ರುಚಿಯಲ್ಲಿ ಇದು ಯಾವುದು, ಅದು ಯಾವುದು ಎಂದು ಹೇಳಲಾಗದು. ತೂಕದಲ್ಲಿ ಹೇಳಬಹುದು. ಆ ತೂಕದ ವ್ಯತ್ಯಾಸ ಹುಟ್ಟುವುದು ಇಲ್ಲಿಂದ ನೂರಾರು ಮೈಲಿ ಆಚೆ, ಕಡಲ ನೀರು ಆವಿಯಾಗಿ ಏಳುವ ಗಳಿಗೆಯಲ್ಲಿ. ಮಳೆಯನ್ನು ಮಿಲಿಮೀಟರಿನಲ್ಲಿ, ಅಣೆಕಟ್ಟೆಯನ್ನು ಟಿಎಂಸಿಯಲ್ಲಿ ಅಳೆದು ಕೈ ತೊಳೆದುಕೊಳ್ಳುವ ನಮ್ಮ ಜಲಲೆಕ್ಕ ಅರ್ಧ ಲೆಕ್ಕ. ನೀರು ಯಾವ ಕಡಲಿನದು, ಯಾವ ಹವೆಯಲ್ಲಿ ಹೊರಟದ್ದು ಎಂಬ ಇನ್ನರ್ಧ ನೀರಿನಲ್ಲೇ ದಾಖಲಾಗಿದ್ದರೂ ಹಾಸನ ಜಿಲ್ಲೆಯಲ್ಲಿ ಅದು ನೀರಿನ ಲೆಕ್ಕದ ಭಾಗವಾಗಿಲ್ಲ. ಆಗಬೇಕು ಎಂಬುದು ನನ್ನ ವಾದ.

ನೀರಿನ ಅಣುಗಳೆಲ್ಲ ಒಂದೇ ತೂಕದವಲ್ಲ. ಆಮ್ಲಜನಕದ ಪರಮಾಣುಗಳಲ್ಲಿ ಶೇಕಡಾ 99.76ರಷ್ಟು 16ರ ತೂಕದವು, ಸಾವಿರಕ್ಕೆ ಎರಡರಷ್ಟು 18ರ ತೂಕದವು. ಜಲಜನಕದಲ್ಲಿ ಹತ್ತು ಲಕ್ಷಕ್ಕೆ ಸುಮಾರು 156 ಮಾತ್ರ ಇಮ್ಮಡಿ ತೂಕದ ಡ್ಯೂಟೀರಿಯಂ. ಇದನ್ನು 1931ರಲ್ಲಿ ಪತ್ತೆ ಮಾಡಿದ ಹೆರಾಲ್ಡ್ ಯೂರಿಗೆ 1934ರಲ್ಲಿ ನೊಬೆಲ್ ಬಂತು. ಒಂದೇ ಧಾತುವಿನ ಈ ಬೇರೆ ಬೇರೆ ತೂಕದ ರೂಪಗಳೇ ಐಸೊಟೋಪ್‌ಗಳು, ಶಾಲೆಯ ಪುಸ್ತಕದ ಸಮಸ್ಥಾನಿಗಳು. ಇಲ್ಲಿ ಹೇಳುತ್ತಿರುವವು ವಿಕಿರಣ ಸೂಸುವಂಥವಲ್ಲ. ಎಷ್ಟು ಕಾಲವಾದರೂ ಹಾಗೇ ಉಳಿಯುವಂಥವು. ಅಳತೆಗೆ ಕಡಲ ನೀರೇ ಮಾನದಂಡ. ಒಂದು ಮಾದರಿಯಲ್ಲಿ ಭಾರದ ಅಣುಗಳ ಪಾಲು ಕಡಲ ನೀರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುತ್ತಾರೆ. ಮಳೆನೀರು ಸಾಮಾನ್ಯವಾಗಿ ಕಡಲಿಗಿಂತ ಹಗುರ, ಹಾಗಾಗಿ ಅಂಕೆ ಬಹುಪಾಲು ಸೊನ್ನೆಯಿಂದ ಕೆಳಗೇ ಇರುತ್ತದೆ.

ಕಡಲ ಮೇಲ್ಮೈಯಿಂದ ನೀರು ಎದ್ದು ಹೋಗುವಾಗ ಹಗುರದ ಅಣು ಸಲೀಸಾಗಿ ಹೊರಡುತ್ತದೆ, ಭಾರದ್ದು ಹಿಂದುಳಿಯುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ, ತೇವ ತುಂಬಿದ ಗಾಳಿಯ ಕೆಳಗೆ, ನೀರೂ ಆವಿಯೂ ಸಮತೋಲನಕ್ಕೆ ಬಂದಿದ್ದರೆ ಆವಿಯಲ್ಲಿ ಆಮ್ಲಜನಕ-18 ಸಾವಿರಕ್ಕೆ ಒಂಬತ್ತರಷ್ಟು ಕಡಿಮೆ, ಡ್ಯೂಟೀರಿಯಂ ಎಪ್ಪತ್ತೈದರಷ್ಟು ಕಡಿಮೆ ಇರುತ್ತದೆ. ಎರಡನೆಯದು ಮೊದಲನೆಯದರ ಸುಮಾರು ಎಂಟು ಪಟ್ಟು. 1961ರಲ್ಲಿ ಹಾರ್ಮನ್ ಕ್ರೇಗ್ ಲೋಕದ ನಾನಾ ಕಡೆಯ ಮಳೆ, ಹೊಳೆ, ಹಿಮದ ನೀರನ್ನು ಅಳೆದು ಎರಡೂ ಅಂಕೆಗಳನ್ನು ನಕ್ಷೆಯ ಮೇಲಿಟ್ಟಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬಂದವು. ಗೆರೆಯ ಏರು ಎಂಟು. ಆದರೆ ಆ ಗೆರೆ ಕಡಲ ನೀರಿನ ಸೊನ್ನೆಯ ಮೂಲಕ ಹಾದುಹೋಗದೆ ಅದಕ್ಕಿಂತ ಹತ್ತು ಮೇಲಿತ್ತು. ಈ ಹತ್ತರಲ್ಲೇ ಕಡಲಿನ ಹವೆ ಅಡಗಿದೆ. ನಿಜವಾದ ಕಡಲಿನ ಮೇಲೆ ಗಾಳಿ ಪೂರ್ತಿ ತೇವ ತುಂಬಿರುವುದಿಲ್ಲ, ಶೇಕಡಾ 80ರ ಆಸುಪಾಸಿರುತ್ತದೆ. ನೀರಿಗೆ ಅಂಟಿದ ತೆಳುವಾದ ತೇವದ ಪದರದಿಂದ ಮೇಲಿನ ಒಣ ಗಾಳಿಗೆ ಅಣುಗಳು ನುಸುಳಬೇಕು. ಈ ನುಸುಳಾಟದಲ್ಲಿ ಡ್ಯೂಟೀರಿಯಂ ಇರುವ ಅಣುವಿನ ತೂಕ 19, ಆಮ್ಲಜನಕ-18 ಇರುವುದರ ತೂಕ 20; ಹಾಗಾಗಿ ಮೊದಲನೆಯದು ಒಂದು ಕೂದಲೆಳೆ ಮುಂದೆ. ಗಾಳಿ ಒಣಗಿದ್ದಷ್ಟೂ ಈ ಹಂತದ ಪ್ರಭಾವ ಹೆಚ್ಚು, ಆವಿಯಲ್ಲಿ ಎಂಟು ಪಟ್ಟಿನ ಲೆಕ್ಕಕ್ಕೆ ಮೀರಿದ ಡ್ಯೂಟೀರಿಯಂ ಹೆಚ್ಚು. ಈ ಹೆಚ್ಚುವರಿಯನ್ನು ಒಂದು ಅಳತೆಯಾಗಿ ಬಳಕೆಗೆ ತಂದವರು 1964ರಲ್ಲಿ ಡೆನ್ಮಾರ್ಕಿನ ವಿಲಿ ಡಾನ್ಸ್‌ಗಾರ್ಡ್. ಮರುವರ್ಷ ಕ್ರೇಗ್ ಮತ್ತು ಗಾರ್ಡನ್ ಅದಕ್ಕೆ ಸಮೀಕರಣ ಕೊಟ್ಟರು. ಹಡಗಿನ ಮೇಲಿಂದ ಮಾಡಿದ ಅಳತೆಗಳ ಪ್ರಕಾರ ಕಡಲ ಮೇಲಿನ ಸಾಪೇಕ್ಷ ಆರ್ದ್ರತೆ ಶೇಕಡಾ ಹತ್ತು ಇಳಿದರೆ ಡ್ಯೂಟೀರಿಯಂ ಹೆಚ್ಚುವರಿ ಐದಾರು ಏರುತ್ತದೆ. ಗಾಳಿ ಜೋರಾಗಿ ಬೀಸಿ ಕಡಲು ಕದಡಿದರೆ ನುಸುಳಾಟದ ಪದರವೇ ಹರಿದುಹೋಗಿ ಆ ಏರಿಕೆ ತಗ್ಗುತ್ತದೆ. ನೀರಿನ ಉಷ್ಣತೆಯ ಪಾತ್ರವೂ ಇದೆ, ಆದರೆ ಇತ್ತೀಚಿನ ವಿಶ್ಲೇಷಣೆಗಳು ಆರ್ದ್ರತೆಗೇ ಮೊದಲ ಸ್ಥಾನ ಕೊಡುತ್ತವೆ. ಮುಖ್ಯವಾದ ಮಾತು ಇಷ್ಟು: ಮೋಡದೊಳಗೆ ಆವಿ ಹನಿಗಟ್ಟುವುದು ತೇವ ತುಂಬಿದ ಗಾಳಿಯಲ್ಲಿ, ಸಮತೋಲನದಲ್ಲಿ. ಆದ್ದರಿಂದ ಆವಿ ದಾರಿಯಲ್ಲಿ ಎಷ್ಟೇ ಮಳೆ ಸುರಿಸಿ ಹಗುರಾದರೂ ಈ ಹೆಚ್ಚುವರಿ ಬಹುಮಟ್ಟಿಗೆ ಉಳಿದುಕೊಂಡು ಬರುತ್ತದೆ.

ನಮ್ಮ ಎರಡು ಕಡಲುಗಳಿಗೆ ಇದನ್ನು ಹೊಂದಿಸಿ ನೋಡಬೇಕು. ಅರಬ್ಬಿ ಸಮುದ್ರದಲ್ಲಿ ವರ್ಷದ ಲೆಕ್ಕದಲ್ಲಿ ಬೀಳುವ ಮಳೆಗಿಂತ ಆವಿಯಾಗಿ ಹೋಗುವ ನೀರೇ ಹೆಚ್ಚು. ನೀರು ಉಪ್ಪುಪ್ಪು, ಮಾನದಂಡಕ್ಕಿಂತ ತುಸು ಭಾರ. ಜುಲೈನಲ್ಲಿ ಸೊಮಾಲಿಯಾ ಕರಾವಳಿಯಿಂದ ಬೀಸುವ ಬಿರುಗಾಳಿ ಕಡಲನ್ನು ಕದಡಿ ಆವಿಯನ್ನು ಎತ್ತಿಕೊಂಡು ನೇರವಾಗಿ ಸಹ್ಯಾದ್ರಿಗೆ ಬಡಿಯುತ್ತದೆ. ಬಂಗಾಳ ಕೊಲ್ಲಿಯದು ಬೇರೆಯೇ ಸ್ಥಿತಿ. ಗಂಗಾ, ಬ್ರಹ್ಮಪುತ್ರ, ಐರಾವತಿ ನದಿಗಳ ಸಿಹಿನೀರು ಮಳೆಗಾಲದ ಕೊನೆಗೆ ಅದರ ಉತ್ತರ ಭಾಗದ ಮೇಲ್ಪದರದಲ್ಲಿ ಹರಡಿಕೊಂಡು ಕಡಲೇ ಹಗುರಾಗಿರುತ್ತದೆ. ಅದರ ಮೇಲೆ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಎದ್ದು, ದಿನಗಟ್ಟಲೆ ಕಡಲಿನ ಮೇಲೆಯೇ ಮಳೆ ಸುರಿಸುತ್ತವೆ. ಸುರಿದ ಪ್ರತಿ ಮಳೆಯೂ ಭಾರದ ಅಣುಗಳನ್ನು ಕಳಚಿಕೊಂಡು ಹೋಗುವುದರಿಂದ ಉಳಿದ ಆವಿ ಇನ್ನಷ್ಟು ಹಗುರ. ಚಂಡಮಾರುತದ ಮಳೆಯಂತೂ ಉಷ್ಣವಲಯದ ಅತಿ ಹಗುರ ಮಳೆಗಳಲ್ಲಿ ಒಂದು. ನವೆಂಬರ್ ದಾಟಿದ ಮೇಲೆ ಉತ್ತರದ ನೆಲದಿಂದ ಒಣ ಗಾಳಿ ಕೊಲ್ಲಿಯ ಮೇಲೆ ಬೀಸತೊಡಗಿದಾಗ ಆರ್ದ್ರತೆ ಇಳಿದು, ಆವಿಯ ಡ್ಯೂಟೀರಿಯಂ ಹೆಚ್ಚುವರಿ ಏರುತ್ತದೆ. ಕೋಯಿಕ್ಕೋಡಿನ ಮಳೆಯ ಅಧ್ಯಯನದಲ್ಲಿ ಎರಡು ಕಡಲುಗಳ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿದೆ: ಮುಂಗಾರು ಮಳೆಯ ಆಮ್ಲಜನಕ-18 ಕಡಲ ನೀರಿಗೆ ಹತ್ತಿರ, ಹಿಂಗಾರಿನದು ಅದಕ್ಕಿಂತ ಬಹಳ ಕೆಳಗೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು 2003ರಲ್ಲಿ ದಕ್ಷಿಣ ಭಾರತದ ಮೇಲುಮಟ್ಟದ ಅಂತರ್ಜಲದ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲೂ ಎರಡು ಮಾರುತಗಳ ಈ ಗುರುತು ನೆಲದಡಿಯಲ್ಲಿ ಕಂಡುಬಂತು.

ಕಡಲ ಆವಿಯ ಪ್ರಮಾಣ ಲೆಕ್ಕ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು ಎನ್ನುವುದಕ್ಕೆ ನಮ್ಮ ದೇಶದ ಹವಾಮಾನ ಶಾಸ್ತ್ರದ ಚರಿತ್ರೆಯಲ್ಲೇ ಪುರಾವೆ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪಿ.ಆರ್. ಪಿಷಾರೋಟಿ 1965ರಲ್ಲಿ, ಹಿಂದೂ ಮಹಾಸಾಗರದ ಅಂತರರಾಷ್ಟ್ರೀಯ ಯಾತ್ರೆಯ ಕಾಲದ ಮಾಹಿತಿ ಇಟ್ಟುಕೊಂಡು, ಪಶ್ಚಿಮ ಕರಾವಳಿ ದಾಟಿ ಬರುವ ತೇವದಲ್ಲಿ ಅರಬ್ಬಿ ಸಮುದ್ರದಿಂದಲೇ ಎದ್ದದ್ದು ಹೆಚ್ಚಿನ ಪಾಲು ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಕೆ.ಆರ್. ಸಹಾ ಬೇರೆ ಲೆಕ್ಕ ಮಾಡಿ, ಇಲ್ಲ, ಸಮಭಾಜಕ ವೃತ್ತ ದಾಟಿ ದಕ್ಷಿಣ ಗೋಳದಿಂದ ಬರುವ ಆವಿಯೇ ಹೆಚ್ಚು ಎಂದರು. ಇಬ್ಬರೂ ಸಮರ್ಥರು. ತೊಡಕು ವಿಧಾನದಲ್ಲಿತ್ತು. ಒಳಬರುವ ದೊಡ್ಡ ಮೊತ್ತದಿಂದ ಹೊರಹೋಗುವ ದೊಡ್ಡ ಮೊತ್ತ ಕಳೆದು ಉಳಿದದ್ದನ್ನು ಆವಿಯೆಂದು ಹೆಸರಿಸುವಾಗ, ಗಾಳಿಯ ಅಳತೆಯಲ್ಲಿ ಸಣ್ಣ ತಪ್ಪಿದ್ದರೂ ಉತ್ತರ ತಲೆಕೆಳಗಾಗುತ್ತದೆ. ಐಸೊಟೋಪ್ ಈ ಕೂಡು-ಕಳೆಯಿಂದ ಹೊರಗಿರುವ ಸಾಕ್ಷಿ. ದಕ್ಷಿಣದ ಕಡಲಿನ ಒಣ ಗಾಳಿಯಲ್ಲಿ ಎದ್ದ ಆವಿಗೂ ಮುಂಗಾರಿನ ಅರಬ್ಬಿ ಸಮುದ್ರದ ತೇವದಲ್ಲಿ ಎದ್ದ ಆವಿಗೂ ಡ್ಯೂಟೀರಿಯಂ ಹೆಚ್ಚುವರಿ ಒಂದೇ ಇರಲಾರದು. ಇದಕ್ಕಾಗಿಯೇ ಈಗ ಹಡಗಿನಿಂದ ಆವಿಯನ್ನೇ ಹಿಡಿಯುತ್ತಾರೆ. ಅಹಮದಾಬಾದಿನ ತಂಡ 2012ರ ಮುಂಗಾರಿನಲ್ಲಿ ಬಂಗಾಳ ಕೊಲ್ಲಿಯ ಮೇಲೆ ಹಿಡಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪ್ರೊಸೆನ್‌ಜಿತ್ ಘೋಷ್ ಅವರ ತಂಡ ದಕ್ಷಿಣ ಮಹಾಸಾಗರದ ಯಾತ್ರೆಗಳಲ್ಲಿ ಹಿಡಿದು, ಕ್ರೇಗ್–ಗಾರ್ಡನ್ ಸಮೀಕರಣವನ್ನು ಒರೆಗೆ ಹಚ್ಚಿ 2020ರಲ್ಲಿ ಪ್ರಕಟಿಸಿದೆ. ಅಲೆಯ ತುಂತುರು ತಾಗದ ಎತ್ತರದಲ್ಲಿ ಕೊಳವೆಯ ಬಾಯಿ ಇಟ್ಟು, ಗಾಳಿಯನ್ನು ಸಣ್ಣ ಪಂಪಿನಿಂದ ಎಳೆದು, ಕಡುಶೈತ್ಯದಲ್ಲಿ ಮುಳುಗಿಸಿದ ಗಾಜಿನ ನಳಿಗೆಯ ಮೂಲಕ ಹಾಯಿಸುತ್ತಾರೆ. ನಳಿಗೆಯ ಒಳಮೈಯಲ್ಲಿ ಆವಿಯೆಲ್ಲ ಬಿಳಿ ಹಿಮವಾಗಿ ಕಟ್ಟಿಕೊಳ್ಳುತ್ತದೆ. ಕರಗಿಸಿದರೆ ಕೆಲವು ಹನಿ ನೀರು. ಒಂದು ಹನಿಯೂ ತಪ್ಪಿಸಿಕೊಳ್ಳಬಾರದು, ಏಕೆಂದರೆ ತಪ್ಪಿಸಿಕೊಳ್ಳುವುದು ಹಗುರದ್ದೇ, ಅಳತೆ ಕೆಡುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು, ಮತ್ತು ಬಹಳ ಕಾಲ ಅದೇ ನಂಬಿಕೆಯೂ ಆಗಿತ್ತು. ಉಷ್ಣವಲಯದಲ್ಲಿ ಮಳೆ ಹೆಚ್ಚಿದಷ್ಟೂ ನೀರು ಹಗುರ, ಮಳೆ ಕಡಿಮೆಯಾದಷ್ಟೂ ಭಾರ ಎಂಬ ನಿಯಮ ಡಾನ್ಸ್‌ಗಾರ್ಡ್ ಕಾಲದಿಂದ ಇದೆ. ಹಾಗಿದ್ದರೆ ಐಸೊಟೋಪ್ ಹೇಳುವುದೂ ಮಳೆಯ ಪ್ರಮಾಣವನ್ನೇ; ಮಳೆಮಾಪಕ ಹೇಳುವುದನ್ನೇ ದುಬಾರಿ ಯಂತ್ರದಿಂದ ಯಾಕೆ ಕೇಳಬೇಕು? ಈ ನಿಯಮ ಮುರಿದದ್ದು ನಮ್ಮ ಸಹ್ಯಾದ್ರಿಯಲ್ಲೇ. 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಯಾದವ, ರಮೇಶ್ ಮತ್ತು ಪಂಡರಿನಾಥ್ ಪಶ್ಚಿಮಘಟ್ಟದ ಮಳೆಯಲ್ಲಿ ಈ ಸಂಬಂಧ ತಿರುವುಮುರುವಾಗಿರುವುದನ್ನು ವರದಿ ಮಾಡಿದರು: ಮಳೆ ಹೆಚ್ಚಿದರೆ ನೀರು ಭಾರ. 2014ರಲ್ಲಿ ಲಕ್ಷ್ಮಿ, ಮಿಥುನ್, ರಮೇಶ್ ಮತ್ತು ಸಂಗಡಿಗರು ಕೇರಳದ ಮಳೆಯನ್ನು ಪರಿಶೀಲಿಸಿ, ಮಳೆನೀರು ಹಗುರಾಗುವುದಕ್ಕೂ ಆ ಊರಿನಲ್ಲಿ ಬಿದ್ದ ಮಳೆಯ ಪ್ರಮಾಣಕ್ಕೂ ನಂಟು ಕಡಿಮೆ, ಸುತ್ತಲಿನ ವಿಶಾಲ ಪ್ರದೇಶದಲ್ಲಿ ಮೋಡಗಳು ಎಷ್ಟು ಸಂಘಟಿತವಾಗಿದ್ದವು ಎಂಬುದಕ್ಕೇ ನಂಟು ಹೆಚ್ಚು ಎಂದು ತೋರಿಸಿದರು. ಅಂದರೆ ಚನ್ನರಾಯಪಟ್ಟಣದಲ್ಲಿ ಬಿದ್ದ 20 ಮಿ.ಮೀ. ಸ್ಥಳೀಯ ಗುಡುಗುಮೋಡದ್ದೋ, ಕೊಲ್ಲಿಯ ವಾಯುಭಾರ ಕುಸಿತದ್ದೋ ಎಂದು ಮಳೆಮಾಪಕ ಹೇಳಲಾರದು, ಬಾಟಲಿಯ ನೀರು ಹೇಳಬಲ್ಲದು. ಚಿತ್ತೆ, ಸ್ವಾತಿ ಮಳೆಯೆಲ್ಲ ಬಂಗಾಳ ಕೊಲ್ಲಿಯದೇ ಎಂದು ತೀರ್ಮಾನಿಸುವಂತೆಯೂ ಇಲ್ಲ. ಅಕ್ಟೋಬರಿನಲ್ಲಿ ಅರಬ್ಬಿ ಸಮುದ್ರದಲ್ಲೂ ವಾಯುಭಾರ ಕುಸಿತಗಳು ಏಳುತ್ತವೆ. ಪಂಚಾಂಗದಿಂದ ಇದು ಬಗೆಹರಿಯುವುದಿಲ್ಲ.

ಕಡಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಗುರುತು ಅಳಿಸಿಹೋಗುವುದಿಲ್ಲವೇ ಎಂಬ ಪ್ರಶ್ನೆಗೆ ಹಾಸನ ಜಿಲ್ಲೆಯ ನೆಲವೇ ಒಳ್ಳೆಯ ಪರೀಕ್ಷೆ. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿ.ಮೀ. ಮೀರುವ ಮಳೆ ಮೂಡಲಿಗೆ ಬಂದಂತೆ ಇಳಿಯುತ್ತಾ ಚನ್ನರಾಯಪಟ್ಟಣದಲ್ಲಿ 700ರ ಆಸುಪಾಸಿಗೆ ನಿಲ್ಲುತ್ತದೆ. ಅರಕಲಗೂಡು, ಹಾಸನ, ಹೊಳೆನರಸೀಪುರ ನಡುವಿನ ಮೆಟ್ಟಿಲುಗಳು. ಕಣದಲ್ಲಿ ರಾಗಿ ತೂರುವಾಗ ಗಟ್ಟಿ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹಾರುವಂತೆ, ಘಟ್ಟ ಹತ್ತುವ ಆವಿಯಿಂದ ಭಾರದ ಅಣುಗಳು ಮೊದಲು ಉದುರುತ್ತವೆ, ಹಗುರದವು ಅರಕಲಗೂಡು ದಾಟಿ ಮುಂದೆ ಬರುತ್ತವೆ. ಆದರೆ ಬಯಲಿಗೆ ಬಂದ ಮೇಲೆ ಮತ್ತೆರಡು ಸಂಗತಿ ನಡೆಯುತ್ತವೆ. ಮೋಡದ ಕೆಳಗಿನ ಗಾಳಿ ಒಣಗಿದ್ದರೆ ಸಣ್ಣ ಹನಿ ಬೀಳುತ್ತಾ ಬೀಳುತ್ತಾ ಆವಿಯಾಗಿ, ನೆಲ ಮುಟ್ಟುವ ಉಳಿಕೆ ಭಾರವಾಗುತ್ತದೆ. ಘಟ್ಟದ ಕಾಡು, ಕಾಫಿ ತೋಟದ ಎಲೆಗಳು ಬಿಡುವ ಆವಿ ಗಾಳಿಗೆ ಮತ್ತೆ ಸೇರುತ್ತದೆ. ಇಷ್ಟೆಲ್ಲ ಆದ ಮೇಲೂ ಲೆಕ್ಕ ಬಿಡಿಸಬಹುದು, ಏಕೆಂದರೆ ನಮ್ಮ ಕೈಯಲ್ಲಿರುವುದು ಎರಡು ಅಂಕೆ. ಘಟ್ಟದಲ್ಲಿ ಮಳೆ ಕಳಚಿಕೊಂಡದ್ದು ಆಮ್ಲಜನಕ-18ನ್ನು ಇಳಿಸುತ್ತದೆ, ಹೆಚ್ಚುವರಿಯನ್ನು ಹೆಚ್ಚು ಮುಟ್ಟುವುದಿಲ್ಲ. ಹನಿ ಒಣಗಿದರೆ ಆಮ್ಲಜನಕ-18 ಏರಿ ಹೆಚ್ಚುವರಿ ಇಳಿಯುತ್ತದೆ. ಒಂದೊಂದು ಘಟನೆ ಒಂದೊಂದು ದಿಕ್ಕಿಗೆ ಎಳೆಯುವುದರಿಂದ ಯಾವುದು ಎಷ್ಟು ಎಳೆಯಿತು ಎಂದು ಹೇಳಲು ಸಾಧ್ಯ. ಒಂದೇ ಊರಿನ ಒಂದೇ ಬಾಟಲಿಯಿಂದ ಇದಾಗದು ಎಂಬುದನ್ನು ಒಪ್ಪುತ್ತೇನೆ; ಪಡುವಣದಿಂದ ಮೂಡಣಕ್ಕೆ ಸಾಲಾಗಿ ನಾಲ್ಕೈದು ಕಡೆ ಒಂದೇ ದಿನದ ನೀರು ಬೇಕು.

ಇದರಿಂದ ರೈತನಿಗೇನು ಎಂಬ ಮಾತಿಗೆ ಉತ್ತರ ಬೋರ್‌ವೆಲ್‌ನಲ್ಲಿದೆ. ಗೊರೂರಿನ ಅಣೆಕಟ್ಟೆ ಮುಗಿದದ್ದು 1979ರಲ್ಲಿ; ಹಿಡಿಯುವ ನೀರು 37 ಟಿಎಂಸಿ. ಅಷ್ಟು ಅಗಲದ ನೀರು ತಿಂಗಳುಗಟ್ಟಲೆ ಬಿಸಿಲಿಗೆ ಮೈಯೊಡ್ಡಿ, ನಾಲೆಯಲ್ಲಿ ಹರಿದು ಬರುವಾಗ ಆವಿಯಾಗಿ ಭಾರವಾಗುತ್ತದೆ. ಹೀಗೆ ನಿಂತು ಆವಿಯಾದ ನೀರು ಕ್ರೇಗ್ ಗೆರೆಯನ್ನು ಬಿಟ್ಟು, ನಾಲ್ಕರಿಂದ ಆರರ ಏರಿನ ಬೇರೊಂದು ಓರೆ ಗೆರೆಯಲ್ಲಿ ಹೋಗುತ್ತದೆ. ಕೆರೆಯ ನೀರೂ ಆವಿಯಾಗುತ್ತದೆ, ಅದಕ್ಕೂ ಓರೆ ಗೆರೆಯೇ. ಹಾಗಾದರೆ ಬೋರ್‌ವೆಲ್ ನೀರು ನಾಲೆಯದೋ ಕೆರೆಯದೋ ಎಂದು ತಿಳಿಯುವುದು ಹೇಗೆ? ಓರೆ ಗೆರೆಯನ್ನು ಹಿಂದಕ್ಕೆ ಎಳೆಯಬೇಕು. ಅದು ಕ್ರೇಗ್ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅದು ಆವಿಯಾಗುವ ಮುನ್ನಿನ ಮೂಲ ಮಳೆ. ನಾಲೆಯ ಗೆರೆ ಹಿಂದೆ ಹೋಗಿ ಜುಲೈನ ಘಟ್ಟದ ಮಳೆಯನ್ನು, ಅರಬ್ಬಿ ಸಮುದ್ರದ ಭಾರದ ಆವಿಯನ್ನು ಮುಟ್ಟಬೇಕು. ಕೆರೆಯ ಗೆರೆ ಅಕ್ಟೋಬರಿನ ಹಗುರ ಮಳೆಯನ್ನು ಮುಟ್ಟಬೇಕು. ಎರಡು ಕಡಲಿನ ಹವೆ ಬೇರೆಯಾಗಿರುವುದರಿಂದಲೇ ಈ ಎರಡು ಬಿಂದುಗಳು ದೂರ ದೂರ ಇರುತ್ತವೆ. ಕೆರೆ ಹೂಳೆತ್ತಿದರೆ ಅಂತರ್ಜಲ ಏರುತ್ತದೆಯೇ, ನಾಲೆ ಬಿಟ್ಟಾಗ ಮಾತ್ರ ಏರುತ್ತದೆಯೇ ಎಂಬ ವಾದ ಈ ತಾಲ್ಲೂಕುಗಳಲ್ಲಿ ಮಾತಿನಲ್ಲೇ ನಡೆಯಬೇಕಾಗಿಲ್ಲ. ನಾಲೆಗೆ ಕಾಂಕ್ರೀಟ್ ಹಾಸಿ ಸೋರಿಕೆ ನಿಲ್ಲಿಸುವ ಮುನ್ನ, ಆ ಸೋರಿಕೆಯಿಂದ ಎಷ್ಟು ಬೋರ್‌ವೆಲ್‌ಗಳು ಬದುಕಿವೆ ಎಂದು ತಿಳಿದುಕೊಳ್ಳುವುದು ಸಾಧ್ಯ, ಮತ್ತು ನ್ಯಾಯ ಕೂಡ.

ಹಾಸನ ನಗರಕ್ಕೆ ಈ ವಿಷಯದಲ್ಲಿ ಇನ್ನೊಂದು ಸಂಬಂಧವಿದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ. 2002ರಲ್ಲಿ ಹಾರಿದ ಕಲ್ಪನಾ-1, ನಂತರ 2013ರ ಇನ್ಸಾಟ್-3ಡಿ, 2016ರ 3ಡಿಆರ್, 2024ರ 3ಡಿಎಸ್, ಎರಡೂ ಕಡಲುಗಳ ಮೇಲಿನ ನೀರಾವಿಯನ್ನು ನೋಡುವ ಈ ಉಪಗ್ರಹಗಳ ನಿಯಂತ್ರಣ ನಡೆದದ್ದು ಹಾಸನದಿಂದ. ಅವು ಆವಿ ಎಲ್ಲಿದೆ, ಎಷ್ಟಿದೆ ಎಂದು ಚೆನ್ನಾಗಿ ಹೇಳುತ್ತವೆ. ಆ ಆವಿ ಎಷ್ಟು ತೂಕದ್ದು ಎಂದು ಹೇಳುವಂತೆ ರೂಪಿಸಿದವಲ್ಲ. ಆವಿಯಲ್ಲಿನ ಡ್ಯೂಟೀರಿಯಂ ಪಾಲನ್ನು ಆಕಾಶದಿಂದ ಅಳೆಯುವ ಉಪಕರಣಗಳು 2000ದ ದಶಕದಿಂದ ಯುರೋಪ್, ಅಮೆರಿಕದ ಉಪಗ್ರಹಗಳಲ್ಲಿ ಇವೆ. ಆದರೆ ಅವು ಡ್ಯೂಟೀರಿಯಂ ಹೆಚ್ಚುವರಿಯನ್ನು ಬೇಕಾದಷ್ಟು ನಿಖರವಾಗಿ ಕೊಡಲಾರವು. ಅದಕ್ಕೆ ನೆಲದ ಮೇಲಿನ, ಹಡಗಿನ ಮೇಲಿನ ಮಾದರಿಯೇ ಆಗಬೇಕು.

ಈ ಅಳತೆ ಈಗ ಹೆಚ್ಚು ಜರೂರಾಗಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿವೃಷ್ಟಿಗಳು ಮೂರು ಪಟ್ಟಾಗಿವೆ. ಅರಬ್ಬಿ ಸಮುದ್ರದಿಂದ ನುಗ್ಗುವ ತೇವವನ್ನು ಅವರು ಕಾರಣವಾಗಿ ಹೆಸರಿಸಿದ್ದಾರೆ. ನಮ್ಮ ಘಟ್ಟದ ಸೆರಗಿನಲ್ಲೂ ಹೀಗೇ ಆಗುತ್ತಿದೆಯೇ? ಬಿಸಿ ಕಡಲಿನಿಂದ ಆವಿ ಹೆಚ್ಚಿ ಮಳೆ ಹೆಚ್ಚಿದೆಯೋ, ಇದ್ದ ಆವಿಯೇ ಬೇರೆ ರೀತಿಯ ಮೋಡದಲ್ಲಿ ಒಮ್ಮೆಲೇ ಸುರಿಯುತ್ತಿದೆಯೋ? ಮಿಲಿಮೀಟರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಡಲ ಮೇಲಿನ ಆರ್ದ್ರತೆ ಬದಲಾಗಿದ್ದರೆ ಹೆಚ್ಚುವರಿ ಬದಲಾಗಬೇಕು. ಮೋಡದ ಸಂಘಟನೆ ಬದಲಾಗಿದ್ದರೆ ಆಮ್ಲಜನಕ-18 ಬದಲಾಗಬೇಕು. ಹಾಸನದ ಆಲೂಗಡ್ಡೆ ಬೆಳೆಗಾರ ಬಿತ್ತನೆಯ ಹೊತ್ತಿನ ಮಳೆ ನಂಬಿ, ಅಂಗಮಾರಿಯ ಹೊತ್ತಿನ ತೇವಕ್ಕೆ ಅಂಜಿ ಬದುಕುವವನು. ಮಳೆ ಯಾವ ದಿಕ್ಕಿಗೆ ಬದಲಾಗುತ್ತಿದೆ ಎಂಬ ಪ್ರಶ್ನೆ ಅವನಿಗೆ ಪುಸ್ತಕದ ಪ್ರಶ್ನೆಯಲ್ಲ.

ಖರ್ಚಿನ ಆಕ್ಷೇಪ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಹಿಂದೆ ಒಂದು ಮಾದರಿಗೆ ದೊಡ್ಡ ಮಾಸ್ ಸ್ಪೆಕ್ಟ್ರೋಮೀಟರ್ ಬೇಕಿತ್ತು. ಕಳೆದ ಎರಡು ದಶಕಗಳಲ್ಲಿ ಮೇಜಿನ ಮೇಲಿಡುವ ಲೇಸರ್ ಉಪಕರಣಗಳು ಬಂದು ಎರಡೂ ಅಂಕೆಗಳನ್ನು ಒಟ್ಟಿಗೆ ಕೊಡುತ್ತವೆ. ಮಾದರಿ ಸಂಗ್ರಹಕ್ಕೆ ಬೇಕಾದದ್ದು ಇನ್ನೂ ಸರಳ. ಆಲಿಕೆ ಇಟ್ಟ ಒಂದು ಕ್ಯಾನು, ಕೂಡಿದ ನೀರು ಆವಿಯಾಗದಂತೆ ಅದರ ಮೇಲೆ ತೇಲುವ ತೆಳುವಾದ ಪ್ಯಾರಾಫಿನ್ ಎಣ್ಣೆಯ ಪದರ, ಬೆಳಿಗ್ಗೆ ಎಣ್ಣೆಯಡಿಯಿಂದ ನೀರನ್ನು ಸಣ್ಣ ಬಾಟಲಿಗೆ ಗಾಳಿಯ ಗುಳ್ಳೆ ಉಳಿಯದಂತೆ ಬಾಯಿತನಕ ತುಂಬಿ ಬಿಗಿದು, ಮೇಲೆ ದಿನಾಂಕ, ಮಿ.ಮೀ. ಬರೆದಿಡುವ ಶಿಸ್ತು. ಸಕಲೇಶಪುರದಲ್ಲೊಂದು, ಅರಕಲಗೂಡಿನ ರಾಮನಾಥಪುರದಲ್ಲೊಂದು, ಹಾಸನದಲ್ಲೊಂದು, ಹೊಳೆನರಸೀಪುರದಲ್ಲೊಂದು, ಚನ್ನರಾಯಪಟ್ಟಣದಲ್ಲೊಂದು ಇದ್ದರೆ ಸಾಲು ಪೂರ್ಣ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ತಾಲ್ಲೂಕು ಕೇಂದ್ರಗಳಲ್ಲಿ ವಿಜ್ಞಾನ ಕಲಿಸುವ ಕಾಲೇಜುಗಳಿವೆ, ಅಳೆಯಬಲ್ಲ ಪ್ರಯೋಗಾಲಯ ಬೆಂಗಳೂರಿನಲ್ಲಿದೆ. ಒಂದು ವರ್ಷದ ದಾಖಲೆಯಿಂದ ಏನೂ ತೀರ್ಮಾನವಾಗದು. ಬರ ಬಿದ್ದ 2023ರಂಥ ವರ್ಷವೂ ಅಣೆಕಟ್ಟೆ ತುಂಬಿದ 2024ರಂಥ ವರ್ಷವೂ ಒಂದೇ ದಾಖಲೆಯೊಳಗೆ ಸಿಕ್ಕಿದಾಗಲೇ ಕಡಲಿನ ಹವೆಗೂ ಇಲ್ಲಿನ ನೀರಿಗೂ ಇರುವ ನಂಟು ಅಂಕೆಯಲ್ಲಿ ನಿಲ್ಲುತ್ತದೆ. ಕ್ಯಾನುಗಳನ್ನು ಭರಣಿ ಮಳೆಗೆ ಮುಂಚೆಯೇ ಇಡಬೇಕು. ಬೇಸಿಗೆಯ ಗುಡುಗುಮಳೆ, ಮುಂಗಾರು, ಹಿಂಗಾರು ಮೂರೂ ಆಗ ಒಂದೇ ಸಾಲಿನಲ್ಲಿ ಸಿಗುತ್ತವೆ.